ಸಾಲಿಡ್ ಸ್ಟೇಟ್ ರಿಲೇ ಎಷ್ಟು ಚುರುಕು? ಆಸಿಲೋಸ್ಕೋಪ್ ಇಲ್ಲದೆ ಮನೆಯಲ್ಲೇ ಅಳೆಯುವ ಬಗೆ

ಒಂದು ಸಲ 12 ವೋಲ್ಟಿನ ಹೀಟಿಂಗ್ ಪ್ಯಾಡಿಗೆ ಡಿಸಿ ಸಾಲಿಡ್ ಸ್ಟೇಟ್ ರಿಲೇ (ಚಲಿಸುವ ಭಾಗಗಳಿಲ್ಲದ ವಿದ್ಯುನ್ಮಾನ ಸ್ವಿಚ್) ಹಾಕಿ, ಅದನ್ನು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಪಿಡಬ್ಲ್ಯುಎಂ ಪಿನ್‌ನಿಂದ, ಅಂದರೆ ಬೇಗಬೇಗ ಆನ್ ಆಫ್ ಮಾಡಿ ಶಕ್ತಿ ಹೊಂದಿಸುವ ಪಿನ್‌ನಿಂದ, ಓಡಿಸಿದ್ದೆ. ಪ್ಯಾಡ್ ಎಳೆಯುತ್ತಿದ್ದದ್ದು 5 ಆಂಪಿಯರ್, ರಿಲೇ ಮೇಲೆ ಅಚ್ಚಾಗಿದ್ದದ್ದು 40 ಆಂಪಿಯರ್. ಆದರೂ ಹತ್ತು ನಿಮಿಷದಲ್ಲಿ ರಿಲೇಯ ಬೆನ್ನಿನ ಲೋಹದ ತಟ್ಟೆ ಮುಟ್ಟಲಾಗದಷ್ಟು ಕಾದಿತ್ತು. ವಿಚಿತ್ರವೆಂದರೆ, ಪ್ಯಾಡನ್ನು ಪೂರ್ತಿ ಆನ್ ಮಾಡಿ ಬಿಟ್ಟರೆ ರಿಲೇ ತಣ್ಣಗಿರುತ್ತಿತ್ತು. ಅರ್ಧ ಶಕ್ತಿಯಲ್ಲಿ ಓಡಿಸಿದರೆ ಮಾತ್ರ ಕಾಯುತ್ತಿತ್ತು.

ತಪ್ಪು ಇದ್ದದ್ದು ಕರೆಂಟಿನಲ್ಲಲ್ಲ, ವೇಗದಲ್ಲಿ. ಆರ್ಡುಯಿನೊ ಯುನೊದ ಹೆಚ್ಚಿನ ಪಿಡಬ್ಲ್ಯುಎಂ ಪಿನ್‌ಗಳು ಸೆಕೆಂಡಿಗೆ ಸುಮಾರು 490 ಸಲ ಆನ್ ಆಫ್ ಆಗುತ್ತವೆ, ಅಂದರೆ ಒಂದು ಸುತ್ತಿಗೆ 2 ಮಿಲಿಸೆಕೆಂಡ್. ಆ ರಿಲೇಗೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳಲು ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡ್ ಬೇಕಿತ್ತು. ಹೊರಳುವ ನಡುದಾರಿಯಲ್ಲಿ ಅದರೊಳಗಿನ ಮಾಸ್‌ಫೆಟ್ (ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್) ಪೂರ್ತಿ ತೆರೆದೂ ಇರುವುದಿಲ್ಲ, ಪೂರ್ತಿ ಮುಚ್ಚಿಯೂ ಇರುವುದಿಲ್ಲ. ಸರಿಯಾಗಿ ಮಧ್ಯದಲ್ಲಿ ಅದರ ಮೇಲೆ 6 ವೋಲ್ಟ್, ಅದರೊಳಗೆ 2.5 ಆಂಪಿಯರ್: 15 ವ್ಯಾಟ್ ಶಾಖ. ಪೂರ್ತಿ ತೆರೆದಾಗಿನ ತಡೆ 20 ಮಿಲಿ ಓಮ್ ಇದ್ದರೆ ಅದೇ 5 ಆಂಪಿಯರ್‌ಗೆ ಅರ್ಧ ವ್ಯಾಟ್ ಮಾತ್ರ.

ಇದನ್ನು ಊಹಿಸಿ ಕೂರುವ ಬದಲು ಅಳೆಯಬಹುದು, ಅದಕ್ಕೆ ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕೇಬೇಕು ಅಂತಿಲ್ಲ. ಒಂದು ಆರ್ಡುಯಿನೊ ಯುನೊ, ಒಂದು ಮಲ್ಟಿಮೀಟರ್, ಬ್ರೆಡ್‌ಬೋರ್ಡ್, ಒಂದಿಷ್ಟು ರೆಸಿಸ್ಟರ್‌ಗಳು ಸಾಕು. ಆದರೆ ಒಂದೇ ಸಲ ಅಳೆದು ಬಂದ ಅಂಕಿಯನ್ನು ನಂಬಬೇಡಿ. ಅಳೆಯುವ ಸಾಧನವನ್ನು ಮೊದಲು ಪರೀಕ್ಷಿಸಿ, ಆಮೇಲೆ ರಿಲೇಯನ್ನು ಪರೀಕ್ಷಿಸಿ, ಅದನ್ನೂ ನೂರಾರು ಸಲ.

ಶುರುಮಾಡುವ ಮುನ್ನ

ಮನೆಯ ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಈ ಪರೀಕ್ಷೆಗೆ ನೇರವಾಗಿ ಬಳಸಲೇಬೇಡಿ. ಬ್ರೆಡ್‌ಬೋರ್ಡ್, ಆರ್ಡುಯಿನೊ, ಯುಎಸ್‌ಬಿ ತಂತಿಯಿಂದ ಜೋಡಿಸಿದ ಕಂಪ್ಯೂಟರ್ ಇವೆಲ್ಲ ಇರುವ ಮೇಜಿನ ಮೇಲೆ ಮೇನ್ಸ್ ವೋಲ್ಟೇಜ್ ಇರಬಾರದು. ಡಿಸಿ ರಿಲೇಗೆ 12 ವೋಲ್ಟಿನ ಅಡಾಪ್ಟರ್ ಸಾಕು. ಎಸಿ ರಿಲೇಗೆ ಪ್ರೈಮರಿ ಮತ್ತು ಸೆಕೆಂಡರಿ ಸುರುಳಿಗಳು ಬೇರೆಬೇರೆಯಾಗಿರುವ 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬಳಸಿ. ಆಟೋಟ್ರಾನ್ಸ್‌ಫಾರ್ಮರ್, ಡಿಮ್ಮರ್ ಇವು ವೋಲ್ಟೇಜ್ ಇಳಿಸಿದರೂ ಮೇನ್ಸ್‌ನಿಂದ ನಿಮ್ಮನ್ನು ಬೇರ್ಪಡಿಸುವುದಿಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಸಾಲಿಡ್ ಸ್ಟೇಟ್ ರಿಲೇ ಆಫ್ ಇದ್ದಾಗಲೂ ಸ್ವಲ್ಪ ಕರೆಂಟ್ ಸೋರುತ್ತದೆ. ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ‘ಆಫ್ ಮಾಡಿದ್ದೇನಲ್ಲ’ ಎಂದು ಅದರ ಔಟ್‌ಪುಟ್ ತಂತಿ ಮುಟ್ಟುವ ಅಭ್ಯಾಸ ಬೇಡ.

ಕೈಯಲ್ಲಿರುವ ರಿಲೇ ಯಾವ ಜಾತಿಯದು ಎಂಬುದನ್ನೂ ನೋಡಿಕೊಳ್ಳಿ. ಎರಡರಲ್ಲೂ ಇನ್‌ಪುಟ್ ಕಡೆ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಇರುತ್ತದೆ. ಔಟ್‌ಪುಟ್ ಕಡೆ ಎಸಿ ರಿಲೇಯಲ್ಲಿ ಟ್ರಯಾಕ್ ಅಥವಾ ಬೆನ್ನಿಗೆ ಬೆನ್ನು ಕೊಟ್ಟ ಎರಡು ಎಸ್‌ಸಿಆರ್‌ಗಳು (ಎರಡೂ ಎಸಿಗೆ ಬಳಸುವ ಅರೆವಾಹಕ ಸ್ವಿಚ್‌ಗಳು), ಡಿಸಿ ರಿಲೇಯಲ್ಲಿ ಸಾಮಾನ್ಯವಾಗಿ ಮಾಸ್‌ಫೆಟ್. ಎಸಿ ರಿಲೇಗೆ ಡಿಸಿ ಲೋಡ್ ಕೊಟ್ಟರೆ ಒಮ್ಮೆ ಆನ್ ಆದದ್ದು ಆಫ್ ಆಗುವುದೇ ಇಲ್ಲ. ಟ್ರಯಾಕ್ ಆರಬೇಕಾದರೆ ಕರೆಂಟ್ ಸೊನ್ನೆಯ ಹತ್ತಿರ ಬರಲೇಬೇಕು.

ಮೊದಲು ಡಿಸಿ ರಿಲೇ: ಸರ್ಕ್ಯೂಟ್

ಅಡಾಪ್ಟರಿನ 12 ವೋಲ್ಟ್ ಪ್ಲಸ್ಸನ್ನು ರಿಲೇಯ ಔಟ್‌ಪುಟ್ ಪ್ಲಸ್ಸಿಗೆ ಕೊಡಿ. ಔಟ್‌ಪುಟ್ ಮೈನಸ್ಸಿನಿಂದ 100 ಓಮ್, 5 ವ್ಯಾಟ್ ರೆಸಿಸ್ಟರ್ ಮೂಲಕ ಗ್ರೌಂಡಿಗೆ ತನ್ನಿ. ಇದೇ ನಮ್ಮ ಲೋಡ್. ಇದರಲ್ಲಿ 0.12 ಆಂಪಿಯರ್ ಹರಿದು ಸುಮಾರು ಒಂದೂವರೆ ವ್ಯಾಟ್ ಶಾಖ ಹುಟ್ಟುತ್ತದೆ, ಆದ್ದರಿಂದ ಕಾಲು ವ್ಯಾಟಿನ ಚಿಕ್ಕ ರೆಸಿಸ್ಟರ್ ಇಟ್ಟರೆ ಸುಟ್ಟುಹೋಗುತ್ತದೆ. ಪ್ಲಸ್ ಮೈನಸ್ ಅದಲುಬದಲಾದರೆ ಮಾಸ್‌ಫೆಟ್‌ನೊಳಗಿನ ಡಯೋಡ್ ಮೂಲಕ ಕರೆಂಟ್ ಹರಿದು ರಿಲೇ ಸದಾ ಆನ್ ಇರುವಂತೆ ಕಾಣುತ್ತದೆ. ಕೆಟ್ಟಿದೆ ಎಂದು ಎಸೆಯುವ ಮುನ್ನ ಒಮ್ಮೆ ತಿರುಗಿಸಿ ನೋಡಿ.

ಲೋಡ್ ರೆಸಿಸ್ಟರಿನ ಮೇಲ್ತುದಿಯಿಂದ 10 ಕಿಲೋ ಓಮ್, ಅದರ ಕೆಳಗೆ 4.7 ಕಿಲೋ ಓಮ್, ಅಲ್ಲಿಂದ ಗ್ರೌಂಡ್. ಎರಡರ ನಡುವಿನ ಬಿಂದುವಿನಲ್ಲಿ 12 ವೋಲ್ಟ್ ಎಂಬುದು 3.84 ವೋಲ್ಟ್ ಆಗಿ ಸಿಗುತ್ತದೆ, ಆರ್ಡುಯಿನೊ ಪಿನ್ನಿಗೆ ಸುರಕ್ಷಿತ. ಆರ್ಡುಯಿನೊ ಗ್ರೌಂಡನ್ನೂ ಅಡಾಪ್ಟರ್ ಗ್ರೌಂಡನ್ನೂ ಒಂದು ಮಾಡಿ.

100 ಓಮ್ ಲೋಡ್ ಏಕೆ ಬೇಕು, ಈ 10 ಮತ್ತು 4.7 ಕಿಲೋ ಓಮ್ ಜೋಡಿಯೇ ಸಾಲದೇ ಎಂದು ಕೇಳಬಹುದು. ಸಾಲದು. ಆಫ್ ಆದ ಮಾಸ್‌ಫೆಟ್ಟಿಗೆ ತನ್ನದೇ ಕೆಪ್ಯಾಸಿಟೆನ್ಸ್ ಇರುತ್ತದೆ. ಅದು 1 ನ್ಯಾನೋಫ್ಯಾರಡ್ ಇದೆ ಎಂದುಕೊಂಡರೂ 14.7 ಕಿಲೋ ಓಮ್ ಜೊತೆ ಸೇರಿ 15 ಮೈಕ್ರೋಸೆಕೆಂಡಿನ ಬಾಲ ಬೆಳೆಯುತ್ತದೆ. ಆಗ ನೀವು ಅಳೆಯುವುದು ರಿಲೇಯ ವೇಗವನ್ನಲ್ಲ, ನಿಮ್ಮ ರೆಸಿಸ್ಟರುಗಳ ವೇಗವನ್ನು. ಸೋರುವ ಕರೆಂಟ್ ಕೂಡ ದೊಡ್ಡ ರೆಸಿಸ್ಟರಿನ ಮೇಲೆ ದೊಡ್ಡ ವೋಲ್ಟೇಜಾಗಿ ಕಂಡು ದಾರಿ ತಪ್ಪಿಸುತ್ತದೆ.

ಇನ್‌ಪುಟ್ ಕಡೆ ಕೆಲಸ ಸುಲಭ. 3ರಿಂದ 32 ವೋಲ್ಟ್ ಎಂದು ಬರೆದಿರುವ ರಿಲೇಯಾದರೆ ಆರ್ಡುಯಿನೊ ಪಿನ್ನಿಂದಲೇ ಓಡಿಸಬಹುದು. ಅದಕ್ಕೂ ಮುಂಚೆ ಮಲ್ಟಿಮೀಟರಿನಿಂದ ಇನ್‌ಪುಟ್ ಕರೆಂಟ್ ನೋಡಿ. 20 ಮಿಲಿ ಆಂಪಿಯರ್ ದಾಟಿದರೆ ನಡುವೆ ಟ್ರಾನ್ಸಿಸ್ಟರ್ ಹಾಕಿ.

ಗಡಿಯಾರ ಎಲ್ಲಿಂದ?

‘ಮೈಕ್ರೋಸ್’ ಫಂಕ್ಷನ್ ಬಳಸಿ, ಪಿನ್ ಬದಲಾಗುವವರೆಗೆ ಲೂಪಿನಲ್ಲಿ ಕಾಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಯುನೊದಲ್ಲಿ ಅದು 4 ಮೈಕ್ರೋಸೆಕೆಂಡಿನ ಮೆಟ್ಟಿಲುಗಳಲ್ಲಿ ಎಣಿಸುತ್ತದೆ, ನಡುವೆ ಇಂಟರಪ್ಟ್ (ಚಿಪ್ಪಿಗೆ ಬರುವ ಬೇರೆ ತುರ್ತು ಕೆಲಸ) ಬಂದರೆ ಇನ್ನಷ್ಟು ಅಲುಗಾಡುತ್ತದೆ. ಒರಟು ಅಂದಾಜಿಗೆ ಅಡ್ಡಿಯಿಲ್ಲ. ಆದರೆ ಅದೇ ಚಿಪ್‌ನೊಳಗೆ ಇದಕ್ಕಿಂತ ಎಷ್ಟೋ ಒಳ್ಳೆಯ ಗಡಿಯಾರ ಸುಮ್ಮನೆ ಕೂತಿದೆ: ಟೈಮರ್ 1ರ ಇನ್‌ಪುಟ್ ಕ್ಯಾಪ್ಚರ್.

ಇದು ಹೀಗೆ ಕೆಲಸ ಮಾಡುತ್ತದೆ. ಟೈಮರ್ ತನ್ನ ಪಾಡಿಗೆ ಎಣಿಸುತ್ತಿರುತ್ತದೆ. ಸಿಗ್ನಲ್ ಬದಲಾದ ಕ್ಷಣದಲ್ಲಿ ಹಾರ್ಡ್‌ವೇರ್ ತಾನೇ ಆ ಎಣಿಕೆಯನ್ನು ಬೇರೆ ರಿಜಿಸ್ಟರಿಗೆ ಬರೆದಿಡುತ್ತದೆ. ಪ್ರೋಗ್ರಾಮ್ ಆಗ ಏನು ಮಾಡುತ್ತಿದ್ದರೂ ಲೆಕ್ಕ ಕೆಡುವುದಿಲ್ಲ. 16 ಮೆಗಾಹರ್ಟ್ಸ್ ಗಡಿಯಾರವನ್ನು 8ರಿಂದ ಭಾಗಿಸಿಕೊಂಡರೆ ಒಂದೊಂದು ಎಣಿಕೆ ಅರ್ಧ ಮೈಕ್ರೋಸೆಕೆಂಡ್, 16 ಬಿಟ್ಟಿನ ಟೈಮರ್ ತುಂಬಿ ಮತ್ತೆ ಸೊನ್ನೆಗೆ ಬರಲು 32.768 ಮಿಲಿಸೆಕೆಂಡ್. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಇದಕ್ಕೆ ಸಿಗ್ನಲ್ ಕೊಡಲು ಎರಡು ಬಾಗಿಲುಗಳಿವೆ. ಒಂದು ಡಿಜಿಟಲ್ ಪಿನ್ 8. ಇನ್ನೊಂದು ಎರಡು ವೋಲ್ಟೇಜುಗಳನ್ನು ಹೋಲಿಸುವ, ಚಿಪ್ಪಿನೊಳಗಿನ ಅನಲಾಗ್ ಕಂಪ್ಯಾರೇಟರ್, ಅದರ ಪ್ಲಸ್ ಕಾಲು ಡಿಜಿಟಲ್ ಪಿನ್ 6, ಮೈನಸ್ ಕಾಲು ಪಿನ್ 7. ಕಂಪ್ಯಾರೇಟರನ್ನು ಇನ್‌ಪುಟ್ ಕ್ಯಾಪ್ಚರಿಗೆ ಜೋಡಿಸುವ ಬಿಟ್ ಒಂದಿದೆ, ಅದನ್ನು ಆನ್ ಮಾಡಿದರೆ ಸಾಕು. ನಾನು ಸದಾ ಈ ಎರಡನೆಯದನ್ನೇ ಬಳಸುತ್ತೇನೆ. ಯಾವ ವೋಲ್ಟೇಜಿಗೆ ‘ಆನ್ ಆಯಿತು’ ಎನ್ನಬೇಕು ಎಂಬುದನ್ನು ಪಿನ್ ನಿರ್ಧರಿಸುವುದಿಲ್ಲ, ನಾವು ನಿರ್ಧರಿಸುತ್ತೇವೆ.

ಜೋಡಣೆ: ಎರಡು ರೆಸಿಸ್ಟರುಗಳ ನಡುವಿನ ಬಿಂದು ಪಿನ್ 6ಕ್ಕೆ. 10 ಕಿಲೋ ಓಮ್ ಪೊಟೆನ್ಶಿಯೋಮೀಟರಿನ ಎರಡು ತುದಿಗಳು 5 ವೋಲ್ಟಿಗೂ ಗ್ರೌಂಡಿಗೂ, ನಡುಗಾಲು ಪಿನ್ 7ಕ್ಕೆ. ನಡುಗಾಲಿನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ ‘ಆನ್ ಆಯಿತು’ ಎನ್ನುವ ಈ ಗಡಿ ವೋಲ್ಟೇಜ್ ಅಲುಗಾಡುವುದಿಲ್ಲ.

ಪ್ರೋಗ್ರಾಮಿನ ಸರಣಿ ಇಷ್ಟು: ಸಿಗ್ನಲ್ ಬದಲಾಗುವ ಯಾವ ಅಂಚು ಬೇಕೆಂದು ಆರಿಸಿ (ಆನ್ ಅಳೆಯಲು ಏರುವ ಅಂಚು, ಆಫ್ ಅಳೆಯಲು ಇಳಿಯುವ ಅಂಚು), ಎಣಿಕೆ ಸಿಕ್ಕಿತೆಂದು ತಿಳಿಸುವ ಕ್ಯಾಪ್ಚರ್ ಫ್ಲ್ಯಾಗನ್ನು ಅಳಿಸಿ, ಟೈಮರನ್ನು ಸೊನ್ನೆ ಮಾಡಿ, ಮರುಕ್ಷಣವೇ ರಿಲೇ ಪಿನ್ ಬದಲಿಸಿ, ಫ್ಲ್ಯಾಗ್ ಏಳುವವರೆಗೆ ಕಾದು ಎಣಿಕೆ ಓದಿ. ಇಲ್ಲಿ ಕೈಕೊಡುವುದು ಎರಡು ಕಡೆ. ಅಂಚು ಬದಲಿಸಿದ ಮೇಲೆ ಫ್ಲ್ಯಾಗ್ ಅಳಿಸದಿದ್ದರೆ ಹಳೆಯ ಘಟನೆಯನ್ನೇ ಹೊಸದೆಂದು ಓದಿ, ನಂಬಲಾಗದಷ್ಟು ಚಿಕ್ಕ ಅಂಕಿ ಬರುತ್ತದೆ. ಆ ಫ್ಲ್ಯಾಗ್ ಅಳಿಯುವುದು ಅದಕ್ಕೆ 1 ಬರೆದಾಗ, 0 ಬರೆದಾಗಲ್ಲ. ಎರಡನೆಯದು, ‘ಡಿಜಿಟಲ್‌ರೈಟ್’ ಫಂಕ್ಷನ್ ತಾನೇ ಕೆಲವು ಮೈಕ್ರೋಸೆಕೆಂಡ್ ನುಂಗುತ್ತದೆ. ಪೋರ್ಟಿಗೆ ನೇರವಾಗಿ ಬರೆಯಿರಿ.

ಮೊದಲು ಸಾಧನಕ್ಕೇ ಪರೀಕ್ಷೆ

ರಿಲೇಯನ್ನು ಪಕ್ಕಕ್ಕಿಡಿ. ರಿಲೇ ಓಡಿಸುವ ಪಿನ್ನಿನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ನೇರವಾಗಿ ಪಿನ್ 6ಕ್ಕೆ ತಂತಿ ಎಳೆಯಿರಿ. ಈಗ ಬರಬೇಕಾದದ್ದು ಒಂದೆರಡು ಎಣಿಕೆ ಮಾತ್ರ. ಹತ್ತಿಪ್ಪತ್ತು ಬಂದರೆ ಪ್ರೋಗ್ರಾಮಿನಲ್ಲಿ ತಡ ಇದೆ ಎಂದರ್ಥ, ಅದನ್ನು ಸರಿಮಾಡಿ ಮುಂದೆ ಹೋಗಿ.

ಈಗ ನನಗೆ ಬಹಳ ಇಷ್ಟವಾದ ಪರೀಕ್ಷೆ. 1 ಕಿಲೋ ಓಮ್ ತೆಗೆದು 10 ಕಿಲೋ ಓಮ್ ಹಾಕಿ, ಪಿನ್ 6ರಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಸೇರಿಸಿ. ಇವೆರಡರ ಗುಣಲಬ್ಧ 1 ಮಿಲಿಸೆಕೆಂಡ್. ಗಡಿಯನ್ನು ಪೂರ್ತಿ ವೋಲ್ಟೇಜಿನ ಅರ್ಧಕ್ಕಿಟ್ಟರೆ ಸುಮಾರು 693 ಮೈಕ್ರೋಸೆಕೆಂಡ್ ಬರಬೇಕು. ಕೆಪ್ಯಾಸಿಟರ್ ಶೇಕಡಾ 10ರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ, ಹಾಗಾಗಿ 640 ಬಂದರೂ 750 ಬಂದರೂ ಗಾಬರಿ ಬೇಡ. ಆಮೇಲೆ ಗಡಿಯನ್ನು ಮುಕ್ಕಾಲಿಗೆ ಏರಿಸಿ. ಈಗ ಬರುವ ಕಾಲ ಮೊದಲಿನದಕ್ಕೆ ಸರಿಯಾಗಿ ಎರಡು ಪಟ್ಟು ಇರಬೇಕು. ಯಾವ ರೆಸಿಸ್ಟರ್, ಯಾವ ಕೆಪ್ಯಾಸಿಟರ್ ಆದರೂ ಈ ‘ಎರಡು ಪಟ್ಟು’ ಬದಲಾಗುವುದಿಲ್ಲ: ಕೆಪ್ಯಾಸಿಟರ್ ತುಂಬುವಾಗ ಅರ್ಧ ದಾರಿ ಕ್ರಮಿಸಲು ಎಷ್ಟು ಹೊತ್ತೋ, ಉಳಿದದ್ದರಲ್ಲಿ ಅರ್ಧ ಕ್ರಮಿಸಲೂ ಅಷ್ಟೇ ಹೊತ್ತು. ಅಳತೆಪಟ್ಟಿಯೇ ಇಲ್ಲದೆ ಗಡಿಯಾರವನ್ನೂ ಗಡಿಯನ್ನೂ ಒಟ್ಟಿಗೆ ಪರೀಕ್ಷಿಸಿದಂತಾಯಿತು. ಎರಡು ಪಟ್ಟು ಬರಲಿಲ್ಲವೆಂದರೆ, ಪಿನ್ನಿನ ನಿಜವಾದ ಹೈ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು ಅದರ ಅರ್ಧ, ಮುಕ್ಕಾಲು ಲೆಕ್ಕ ಹಾಕಿ. ಯುಎಸ್‌ಬಿಯ 5 ವೋಲ್ಟ್ ಯಾವಾಗಲೂ 5 ಆಗಿರುವುದಿಲ್ಲ.

ಅಂಚಿನ ಚಿತ್ರ ಬಿಡಿಸುವುದು

ಈಗ ರಿಲೇ ಜೋಡಿಸಿ. ಪಿನ್ 6ರಲ್ಲಿ ಪೂರ್ತಿ ಆನ್ ಎಂದರೆ 3.84 ವೋಲ್ಟ್, ಆದ್ದರಿಂದ ಶೇಕಡಾ 10 ಎಂದರೆ 0.38, ಅರ್ಧ ಎಂದರೆ 1.92, ಶೇಕಡಾ 90 ಎಂದರೆ 3.46 ವೋಲ್ಟ್. ಪೊಟೆನ್ಶಿಯೋಮೀಟರ್ ತಿರುಗಿಸಿ ನಡುಗಾಲಿನಲ್ಲಿ 0.38 ವೋಲ್ಟ್ ತನ್ನಿ, ಆನ್ ಅಂಚನ್ನು 100 ಸಲ ಅಳೆದು ಸರಾಸರಿ, ಕನಿಷ್ಠ, ಗರಿಷ್ಠ ಬರೆದಿಡಿ. ಗಡಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹತ್ತು ಜಾಗಗಳಲ್ಲಿ ಹೀಗೆ ಮಾಡಿ. ಅಡ್ಡಕ್ಕೆ ಕಾಲ, ಉದ್ದಕ್ಕೆ ವೋಲ್ಟೇಜ್ ಇಟ್ಟು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಹಾಕಿ ಸೇರಿಸಿದರೆ, ಆಸಿಲೋಸ್ಕೋಪ್ ತೋರಿಸುವ ಗೆರೆಯೇ ನಿಮ್ಮ ಮುಂದೆ ಮೂಡುತ್ತದೆ. ರಿಲೇ ಪ್ರತಿ ಸಲ ಒಂದೇ ರೀತಿ ವರ್ತಿಸುವವರೆಗೆ ಈ ಉಪಾಯ ಸುಳ್ಳು ಹೇಳುವುದಿಲ್ಲ. ಹಾಗೆ ವರ್ತಿಸುತ್ತಿದೆಯೇ ಎಂಬುದನ್ನು ಕನಿಷ್ಠ ಗರಿಷ್ಠಗಳ ಅಂತರವೇ ಹೇಳುತ್ತದೆ.

ಗೆರೆಯಲ್ಲಿ ಎರಡು ಭಾಗಗಳನ್ನು ಬೇರೆಬೇರೆಯಾಗಿ ನೋಡಿ. ಆಜ್ಞೆ ಕೊಟ್ಟಲ್ಲಿಂದ ಶೇಕಡಾ 10 ತಲುಪುವವರೆಗಿನದು ತಡ. 10ರಿಂದ 90ರವರೆಗಿನದು ಏರಿಕೆಯ ಕಾಲ. ಶಾಖ ಹುಟ್ಟಿಸುವುದು ಏರಿಕೆ ಇಳಿಕೆಗಳೇ ಹೊರತು ತಡವಲ್ಲ. ತಡ ಕಾಡುವುದು ಪಿಡಬ್ಲ್ಯುಎಂ ಅಗಲವನ್ನು: ಆನ್ ತಡಕ್ಕಿಂತ ಆಫ್ ತಡ ದೊಡ್ಡದಾಗಿದ್ದರೆ, ನೀವು ಶೇಕಡಾ 50 ಕೇಳಿದಾಗ ಲೋಡಿಗೆ ಅದಕ್ಕಿಂತ ಹೆಚ್ಚು ಸಿಗುತ್ತದೆ.

ಒಳಗೇನಿದೆ ಎಂಬುದನ್ನೂ ಈ ಗೆರೆ ಬಿಟ್ಟುಕೊಡುತ್ತದೆ. ಕೆಲವು ರಿಲೇಗಳಲ್ಲಿ ಎಲ್‌ಇಡಿಯ ಬೆಳಕು ಪುಟ್ಟ ಸೌರಕೋಶಗಳ ಸಾಲಿನ ಮೇಲೆ ಬಿದ್ದು, ಅವು ಹುಟ್ಟಿಸುವ ಕೆಲವೇ ಮೈಕ್ರೋ ಆಂಪಿಯರ್ ಕರೆಂಟು ಮಾಸ್‌ಫೆಟ್ಟಿನ ಗೇಟನ್ನು ತುಂಬಬೇಕು. ದೊಡ್ಡ ಮಾಸ್‌ಫೆಟ್ಟಿಗೆ ದೊಡ್ಡ ಗೇಟ್, ಹಾಗಾಗಿ ಹೆಚ್ಚು ಆಂಪಿಯರಿನ ರಿಲೇ ಎಂದರೆ ಹೆಚ್ಚು ಚುರುಕು ಎಂದಲ್ಲ, ಎಷ್ಟೋ ಸಲ ತಿರುಗುಮುರುಗು. ಇನ್ನು ಕೆಲವದರಲ್ಲಿ ಆಪ್ಟೋಕಪ್ಲರ್ (ಎಲ್‌ಇಡಿಯ ಬೆಳಕಿನಿಂದ ಟ್ರಾನ್ಸಿಸ್ಟರನ್ನು ಆನ್ ಮಾಡುವ ಭಾಗ) ಗೇಟನ್ನು ಬೇಗ ತುಂಬುತ್ತದೆ, ಆದರೆ ಖಾಲಿ ಮಾಡಲು ಒಂದು ದೊಡ್ಡ ರೆಸಿಸ್ಟರ್ ಮಾತ್ರ ಇರುತ್ತದೆ. ಅಂಥದ್ದು ಚುರುಕಾಗಿ ಆನ್ ಆಗಿ ನಿಧಾನವಾಗಿ ಆಫ್ ಆಗುತ್ತದೆ. ಇನ್‌ಪುಟ್ಟಿಗೆ 5 ವೋಲ್ಟ್ ಬದಲು ಟ್ರಾನ್ಸಿಸ್ಟರ್ ಮೂಲಕ 12 ವೋಲ್ಟ್ ಕೊಟ್ಟು ಮತ್ತೆ ಅಳೆಯಿರಿ. ಆನ್ ಕಾಲ ಚೆನ್ನಾಗಿ ಇಳಿದರೆ ಇನ್‌ಪುಟ್ಟಿನಲ್ಲಿ ಬರೀ ರೆಸಿಸ್ಟರ್ ಇದೆ ಎಂದು ಊಹಿಸಬಹುದು. ಬದಲಾಗದಿದ್ದರೆ ಎಲ್‌ಇಡಿಗೆ ಒಂದೇ ಸಮನಾದ ಕರೆಂಟ್ ಕೊಡುವ ಸರ್ಕ್ಯೂಟ್ ಇರಬೇಕು.

ಕಂಪ್ಯೂಟರಿನ ಸೌಂಡ್ ಕಾರ್ಡಿನಿಂದಲೂ ಇದನ್ನು ಮಾಡುವವರಿದ್ದಾರೆ: ಎಡ ಚಾನೆಲ್ಲಿಗೆ ಇನ್‌ಪುಟ್ ಸಿಗ್ನಲ್, ಬಲಕ್ಕೆ ಔಟ್‌ಪುಟ್, ಎರಡನ್ನೂ 1 ವೋಲ್ಟಿನ ಆಸುಪಾಸಿಗೆ ಇಳಿಸಿ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡುವುದು. 48 ಕಿಲೋಹರ್ಟ್ಸಿನಲ್ಲಿ ಒಂದೊಂದು ಸ್ಯಾಂಪಲ್ ನಡುವೆ ಸುಮಾರು 21 ಮೈಕ್ರೋಸೆಕೆಂಡ್. ಸೌಂಡ್ ಕಾರ್ಡ್ ಡಿಸಿಯನ್ನು ಒಳಗೆ ಬಿಡದ ಕಾರಣ ಸಮತಟ್ಟಾದ ಭಾಗ ಜಾರಿದಂತೆ ಕಾಣುತ್ತದೆ. ಅಂಚುಗಳನ್ನು ಮಾತ್ರ ನೋಡಿ. 12 ವೋಲ್ಟಿನ ಡಿಸಿ ಸರ್ಕ್ಯೂಟಿಗೆ ಮಾತ್ರ ಇದನ್ನು ಬಳಸಿ.

ಎಸಿ ರಿಲೇ: ಇಲ್ಲಿ ಅಂಕಿ ಒಂದಲ್ಲ

24 ವೋಲ್ಟ್ ಟ್ರಾನ್ಸ್‌ಫಾರ್ಮರ್, ರಿಲೇಯ ಔಟ್‌ಪುಟ್, 100 ಓಮ್ ಲೋಡ್ ಇವನ್ನು ಸರಣಿಯಲ್ಲಿ ಜೋಡಿಸಿ. ಲೋಡಿನಲ್ಲಿ 6 ವ್ಯಾಟ್ ಹತ್ತಿರ ಶಾಖ ಬರುವುದರಿಂದ 10 ವ್ಯಾಟಿಗಿಂತ ಕಡಿಮೆಯದು ಬೇಡ. ಬಹಳಷ್ಟು ಎಸಿ ರಿಲೇಗಳ ಔಟ್‌ಪುಟ್ 24 ವೋಲ್ಟಿನಿಂದ ಶುರು, ಕನಿಷ್ಠ ಇಷ್ಟು ಕರೆಂಟ್ ಇರಲೇಬೇಕೆಂಬ ನಿಯಮವೂ ಇರುತ್ತದೆ. ಅದಕ್ಕೇ ಈ ಎರಡು ಅಂಕಿಗಳು.

ಲೋಡಿಗೆ ಸಮಾಂತರವಾಗಿ ನಾಲ್ಕು ಡಯೋಡುಗಳ ಬ್ರಿಡ್ಜ್, ಅದರ ಔಟ್‌ಪುಟ್ಟಿಗೆ ಅರ್ಧ ವ್ಯಾಟಿನ 2.2 ಕಿಲೋ ಓಮ್ ರೆಸಿಸ್ಟರ್ ಮತ್ತು ಪಿಸಿ 817 ಆಪ್ಟೋಕಪ್ಲರಿನ ಎಲ್‌ಇಡಿ. ಆಪ್ಟೋಕಪ್ಲರಿನ ಟ್ರಾನ್ಸಿಸ್ಟರ್ ಕಡೆ ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ 10 ಕಿಲೋ ಓಮ್ ಮೂಲಕ 5 ವೋಲ್ಟಿಗೆ, ಅದೇ ಕಲೆಕ್ಟರಿನಿಂದ ಪಿನ್ 8ಕ್ಕೆ ತಂತಿ. ಇಲ್ಲಿ ಕಂಪ್ಯಾರೇಟರ್ ಬೇಡ, ಕ್ಯಾಪ್ಚರನ್ನು ಮತ್ತೆ ಪಿನ್ 8ಕ್ಕೆ ತಿರುಗಿಸಿ. ರಿಲೇ ಆನ್ ಆದಾಗ ಈ ಪಿನ್ ಕೆಳಗಿಳಿಯುತ್ತದೆ. ಎಲ್‌ಇಡಿ ಸರಿಯಾಗಿ ಹೊತ್ತಲು ಸುಮಾರು 5 ವೋಲ್ಟ್ ಬೇಕು. 50 ಹರ್ಟ್ಸಿನ 24 ವೋಲ್ಟ್ ಅಲೆ ಸೊನ್ನೆಯಿಂದ ಅಷ್ಟು ಏರಲು ಅರ್ಧ ಮಿಲಿಸೆಕೆಂಡ್ ಹತ್ತಿರ ತೆಗೆದುಕೊಳ್ಳುತ್ತದೆ. ಸೊನ್ನೆಯಲ್ಲಿ ಆನ್ ಆದ ಅಳತೆಗಳಿಂದ ಅಷ್ಟನ್ನು ಕಳೆಯಿರಿ.

ಝೀರೋ ಕ್ರಾಸಿಂಗ್ ಬಗೆಯ ರಿಲೇ ಅಲೆ ಸೊನ್ನೆ ದಾಟುವವರೆಗೆ ಕಾಯುತ್ತದೆ. ಆಜ್ಞೆ ಅಲೆಯ ಯಾವ ಹಂತದಲ್ಲಿ ಬಿತ್ತು ಎಂಬುದರ ಮೇಲೆ ಅದರ ತಡ ನಿಂತಿದೆ: 50 ಹರ್ಟ್ಸಿನಲ್ಲಿ ಸೊನ್ನೆಯಿಂದ 10 ಮಿಲಿಸೆಕೆಂಡ್, 60 ಹರ್ಟ್ಸಿನಲ್ಲಿ 8.33ರವರೆಗೆ ಎಷ್ಟಾದರೂ ಆಗಬಹುದು. ಆದ್ದರಿಂದ 500 ಸಲ ಅಳೆದು, ಯಾವ ಮಿಲಿಸೆಕೆಂಡಿಗೆ ಎಷ್ಟು ಅಳತೆ ಬಿದ್ದವು ಎಂಬ ಕಂಬಗಳ ಚಿತ್ರ ಬರೆಯಬೇಕು.

ಇಲ್ಲೇ ನಾನೊಮ್ಮೆ ಒಂದು ಸಂಜೆ ಕಳೆದುಕೊಂಡದ್ದು. ಎರಡು ಅಳತೆಗಳ ನಡುವೆ 100 ಮಿಲಿಸೆಕೆಂಡ್ ಬಿಡುವು ಕೊಟ್ಟಿದ್ದೆ, ಪ್ರತಿ ಅಳತೆಯ ಅವಧಿಯೂ ಒಂದೇ ಆಗಿತ್ತು. ಬಂದ ಅಂಕಿಗಳೆಲ್ಲ 3 ಮಿಲಿಸೆಕೆಂಡಿನ ಆಸುಪಾಸು. ಎಷ್ಟು ಸ್ಥಿರವಾದ ರಿಲೇ ಎಂದು ಖುಷಿಪಟ್ಟೆ. ಮರುದಿನ ಅದೇ ರಿಲೇ 7 ತೋರಿಸಿತು. 100 ಮಿಲಿಸೆಕೆಂಡ್ ಎಂದರೆ 50 ಹರ್ಟ್ಸಿನ ಸರಿಯಾಗಿ ಐದು ಸುತ್ತು. ಪ್ರತಿ ಸಲವೂ ಅಲೆಯ ಅದೇ ಹಂತವನ್ನು ಮುಟ್ಟುತ್ತಿದ್ದೆ. ಬಿಡುವಿಗೆ ಪ್ರತಿ ಸಲ 0ರಿಂದ 20 ಮಿಲಿಸೆಕೆಂಡಿನ ನಡುವಿನ ಯಾದೃಚ್ಛಿಕ ಸಂಖ್ಯೆಯೊಂದನ್ನು ಸೇರಿಸಿ, ಅದೂ ಮೈಕ್ರೋಸೆಕೆಂಡುಗಳಲ್ಲಿ.

ಕಂಬಗಳು ಹೆಚ್ಚುಕಡಿಮೆ ಸಮನಾಗಿ 10ರವರೆಗೆ ಹರಡಿದ್ದರೆ ಅದು ಝೀರೋ ಕ್ರಾಸಿಂಗ್ ರಿಲೇ. ಬಹುತೇಕ ಎಲ್ಲವೂ ಮೊದಲ ಮಿಲಿಸೆಕೆಂಡಿನಲ್ಲೇ ಗುಂಪಾದರೆ ಆಜ್ಞೆ ಬಂದ ಕೂಡಲೇ ಹೊತ್ತಿಕೊಳ್ಳುವ ಬಗೆ, ಪ್ರತಿ ಅಲೆಯ ಒಂದು ಭಾಗವನ್ನು ಕತ್ತರಿಸಿ ಹೀಟರನ್ನು ನಿಯಂತ್ರಿಸಲು ಇದೇ ಬೇಕು. ಝೀರೋ ಕ್ರಾಸಿಂಗ್ ರಿಲೇಯಲ್ಲೂ ಮೊದಲ ಕಂಬ ಎತ್ತರವಾಗಿದ್ದರೆ ಆಶ್ಚರ್ಯ ಬೇಡ. ‘ಸೊನ್ನೆ’ ಎಂದು ರಿಲೇ ಒಪ್ಪುವ ಕಿಟಕಿ ನಿಜವಾಗಿ ಕೆಲವು ವೋಲ್ಟ್ ಅಗಲ. ಎಂಒಸಿ 3041 ಬಗೆಯ ಚಿಪ್ಪಿನಲ್ಲಿ ಅದು 20 ವೋಲ್ಟಿನವರೆಗೂ ಇರಬಹುದು. ಮೇನ್ಸ್‌ನ ಎತ್ತರದ ಅಲೆಯಲ್ಲಿ ಅದು ಚಿಕ್ಕ ಕಿಂಡಿ. ನಮ್ಮ ಅಲೆಯ ಶಿಖರವೇ 34 ವೋಲ್ಟ್, ಹಾಗಾಗಿ ಇಲ್ಲಿ ಅದು ಸೊನ್ನೆಯ ಎರಡೂ ಬದಿಗೆ 2 ಮಿಲಿಸೆಕೆಂಡಿನಷ್ಟು ತೆರೆದ ಬಾಗಿಲು.

ಆಫ್ ಅಳೆಯುವಾಗ ಮೊದಲ ಅಂಚನ್ನು ನಂಬುವಂತಿಲ್ಲ. ಆನ್ ಇರುವಾಗಲೂ ಪ್ರತಿ ಅರ್ಧ ಸುತ್ತಿಗೊಮ್ಮೆ ಆಪ್ಟೋಕಪ್ಲರ್ ಒಂದು ಕ್ಷಣ ಆರುತ್ತದೆ. ಆಫ್ ಆಜ್ಞೆಯ ನಂತರ 25 ಮಿಲಿಸೆಕೆಂಡ್ ನೋಡಿ, ಕೊನೆಯ ಸಲ ಬೆಳಕು ಆರಿದ್ದು ಯಾವಾಗ ಎಂಬುದನ್ನು ಇಟ್ಟುಕೊಳ್ಳಿ. 50 ಹರ್ಟ್ಸಿನಲ್ಲಿ ಅದು 10 ಮಿಲಿಸೆಕೆಂಡ್ ದಾಟಬಾರದು. ಆನ್ ಇರುವಾಗ ಮಿಣುಕುಗಳು 10ರ ಬದಲು 20 ಮಿಲಿಸೆಕೆಂಡಿಗೊಮ್ಮೆ ಬರುತ್ತಿದ್ದರೆ ರಿಲೇಯ ಒಂದು ಪಾರ್ಶ್ವ ಸತ್ತಿದೆ, ಅದನ್ನು ಮೋಟಾರಿಗೋ ಟ್ರಾನ್ಸ್‌ಫಾರ್ಮರಿಗೋ ಹಾಕಬೇಡಿ.

ಅಳೆದ ಮೇಲೆ

ಡಿಸಿ ರಿಲೇಯ ಲೆಕ್ಕ ಸರಳ. ರೆಸಿಸ್ಟರಿನಂಥ ಲೋಡಿಗೆ ಒಂದು ಹೊರಳುವಿಕೆಯಲ್ಲಿ ರಿಲೇಯೊಳಗೆ ಹುಟ್ಟುವ ಶಾಖ ಸುಮಾರು ವೋಲ್ಟ್ ಗುಣಿಸು ಆಂಪಿಯರ್ ಗುಣಿಸು ಹೊರಳುವ ಕಾಲ, ಭಾಗಿಸು 6. ನನ್ನ ಪ್ಯಾಡಿಗೆ ಇದು 12 × 5 × 0.0005 ÷ 6, ಅಂದರೆ 5 ಮಿಲಿ ಜೂಲ್. ಸುತ್ತಿಗೆ ಎರಡು ಸಲ, ಸೆಕೆಂಡಿಗೆ 490 ಸುತ್ತು: 4.9 ವ್ಯಾಟ್, ಹೀಟ್‌ಸಿಂಕ್ ಇಲ್ಲದ ರಿಲೇಯೊಳಗೆ. ಪ್ಯಾಡ್ ಬಿಸಿಯಾಗಲು ನಿಮಿಷಗಳು ಹಿಡಿಯುವುದರಿಂದ ಅಷ್ಟು ಅವಸರದ ಪಿಡಬ್ಲ್ಯುಎಂ ಅದಕ್ಕೆ ಬೇಕಿರಲೇ ಇಲ್ಲ. ಸೆಕೆಂಡಿಗೆ 2 ಸುತ್ತಿಗೆ ಇಳಿಸಿದೆ. ಹೊರಳುವ ನಷ್ಟ 0.02 ವ್ಯಾಟಿಗೆ ಬಂತು. ರಿಲೇಯ ಬೆನ್ನು ಈಗ ಗಂಟೆಗಟ್ಟಲೆ ಓಡಿಸಿದರೂ ಕೈಗೆ ಬರೀ ಉಗುರು ಬೆಚ್ಚಗೆ ಹತ್ತುತ್ತದೆ.